ವಿದ್ಯಾರ್ಥಿಗಳೂ ಪರೀಕ್ಷಾಭಯವೂ

(ಶ್ರೀಮಠದ ಸುವರ್ಣಮಹೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಭಾಷಣ)

 

‘ಪರಿ’ ಎಂದರೆ ಸುತ್ತಲೂ, ‘ಈಕ್ಷಾ’ ಎಂದರೆ ನೋಡುವಿಕೆ. ಎಲ್ಲ ಕಡೆಯಿಂದಲೂ ನೋಡುವುದೇ ಪರೀಕ್ಷೆ. ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚುವುದು ಅದನ್ನು ದೂಷಿಸುವುದಕ್ಕಲ್ಲವಷ್ಟೆ. ಮಹಾದೇವಿಯಕ್ಕನವರು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ತುಂಬಿದ ಸಭೆಯಲ್ಲಿ ಎಷ್ಟು ಕಠಿನವಾಗಿ ಪ್ರಶ್ನಿಸಿದರೆಂಬುದನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲರೂ ಬಲ್ಲರು. ಆ ತಾಯಿ ಅಳುಕಲಿಲ್ಲ. ಆದರೆ ‘ಅಕ್ಕನಂತೆ ಧೈರ್ಯವಾಗಿರು’ ಎಂದು ಹದಿನಾರು ವರ್ಷದ ಹುಡುಗನಿಗೆ ಉಪದೇಶಿಸಿ ನಾವು ಕೈ ತೊಳೆದುಕೊಂಡರೆ ಅವನ ಕೈನಡುಕವು ನಿಲ್ಲುವುದಿಲ್ಲ.

ಈ ಭಯವನ್ನು ನಾನೇ ಉಂಡವನು. 1987ರಲ್ಲಿ ಕಾವ್ಯಪರೀಕ್ಷೆಗೆ ಕುಳಿತಾಗ, ಆರು ವರ್ಷ ಬಾಯಿಪಾಠವಾಗಿದ್ದ ಅಮರಕೋಶದ ವನೌಷಧಿವರ್ಗವು ಒಂದು ಪದವೂ ಉಳಿಯದಂತೆ ಮರೆತುಹೋಯಿತು. ಅಂಗೈಯ ಬೆವರಿನಿಂದ ಕಾಗದವು ತೋಯ್ದಿತು. ನಾನು ಉತ್ತೀರ್ಣನಾಗಲಿಲ್ಲ. ಊರಿಗೆ ಹೋಗಲು ನಾಚಿ, ಮೂರು ತಿಂಗಳು ದಾಸೋಹದಲ್ಲಿ ಮುದ್ದೆ ಕಟ್ಟುತ್ತ ಉಳಿದೆನು. ಗುರುಗಳು ಗದರಿಸಲಿಲ್ಲ. “ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದೆ?” ಎಂದು ಮಾತ್ರ ಕೇಳಿದರು. “ಮಲಗಲೇ ಇಲ್ಲ, ಬುದ್ಧಿ” ಎಂದೆನು. “ಹಾಗಾದರೆ ಅಲ್ಲಿ ಕುಳಿತದ್ದು ನೀನಲ್ಲ, ನಿನ್ನ ನಿದ್ದೆ” ಎಂದರು.

ಓದಿದುದು ಮನಸ್ಸಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ ಎಂಬುದನ್ನು ಈಗಿನ ವೈದ್ಯಶಾಸ್ತ್ರವೂ ಒಪ್ಪುವುದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದುಬರುವಂತೆ ಮಾಡಿದರಲ್ಲವೆ? ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಪುಸ್ತಕವನ್ನು ಬಿಚ್ಚುವ ಹುಡುಗನಿಗೆ ಲಕ್ಕಮ್ಮನಂಥವರೊಬ್ಬರು ಬೇಕು.

ಇನ್ನೊಂದು ಮಾತು. ನಮ್ಮ ಪಾಠಶಾಲೆಯಲ್ಲಿ ದಿನವೂ ಸಂಜೆ ಪಾಠವನ್ನು ಒಪ್ಪಿಸಬೇಕಾಗಿತ್ತು. ಪುಸ್ತಕವಿಲ್ಲ, ಎದುರಿಗೆ ಗುರುಗಳು ಮಾತ್ರ. ಈಗಿನ ಹುಡುಗನು ಗೆರೆ ಎಳೆದೆಳೆದು ಹತ್ತು ಸಲ ಓದುವನು, ಒಂದು ಸಲವೂ ಮುಚ್ಚಿ ಹೇಳನು. ಹೀಗಾಗಿ ಅವನನ್ನು ಮೊದಲು ಪ್ರಶ್ನಿಸುವುದು ಪರೀಕ್ಷಾಮಂದಿರವೇ! ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೇಳಲು ಯತ್ನಿಸಿದರೆ ವಿಷಯವು ಬಹುದಿನ ಉಳಿಯುವುದೆಂದು 2006ರಲ್ಲಿ ಅಮೆರಿಕದ ಇಬ್ಬರು ಪಂಡಿತರು ಪ್ರಯೋಗದಿಂದ ತೋರಿಸಿದರು. ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಎದೆ ಬಡಿದುಕೊಳ್ಳುವಾಗ ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ನಾಡಿಯು ಶಾಂತವಾಗುವುದು. ಲಿಂಗಪೂಜೆಯಲ್ಲಿ ಕುಳಿತು ಅಭ್ಯಾಸವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂದೆತಾಯಿಗಳಿಗೆ ಒಂದು ಸಂಗತಿಯನ್ನು ಹೇಳಲೇಬೇಕು. ಕಳೆದ ಮಾಘದಲ್ಲಿ ನಿಲಯದ ಹುಡುಗನೊಬ್ಬನು ನಾಲ್ಕು ದಿನ ಪ್ರಸಾದಕ್ಕೆ ಸರಿಯಾಗಿ ಬರಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ಕರೆದು ಕೂರಿಸಿಕೊಂಡು ಕೇಳಿದಾಗ, “ನನ್ನ ಓದಿಗೆಂದು ಅಪ್ಪ ಎತ್ತು ಮಾರಿದ್ದಾನೆ, ಗುರುಗಳೇ. ಫೇಲಾದರೆ ಎತ್ತನ್ನು ಎಲ್ಲಿಂದ ತರಲಿ?” ಎಂದು ಅತ್ತನು. ತಂದೆಗೆ ಹೇಳಿಕಳುಹಿಸಿದೆನು. ಆತನು ಬಂದು ಬೆರಗಾಗಿ, “ಎತ್ತಿಗೆ ವಯಸ್ಸಾಗಿತ್ತು, ಅಯ್ಯನವರೇ. ಇವನು ಓದದಿದ್ದರೂ ಮಾರುತ್ತಿದ್ದೆ. ಇವನಿಗೆ ಹೀಗೆಂದು ಹೇಳಿದವರು ಯಾರು?” ಎಂದನು. ಯಾರೂ ಹೇಳಿರಲಿಲ್ಲ, ಹಾಗಲ್ಲವೆಂದೂ ಯಾರೂ ಹೇಳಿರಲಿಲ್ಲ. ತಂದೆಮಕ್ಕಳಿಬ್ಬರೂ ಅಂದು ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದರು.

ಇಂಥ ಮೌನವು ಎಲ್ಲ ಸಲವೂ ಇಷ್ಟು ಸುಲಭವಾಗಿ ಕರಗುವುದೆಂದು ನಾನು ಹೇಳಲಾರೆನು. ಊಟನಿದ್ದೆಗಳನ್ನು ಬಿಟ್ಟ ಮಗುವನ್ನು ಒಂಟಿಯಾಗಿ ಬಿಡಬಾರದು. ವೈದ್ಯರನ್ನು ಕಾಣುವುದರಲ್ಲಿ ಅವಮಾನವೇನೂ ಇಲ್ಲ. ಭಾರತ ಸರ್ಕಾರವು 2022ರಲ್ಲಿ ‘ಟೆಲಿ ಮಾನಸ್’ ಎಂಬ ಸೇವೆಯನ್ನು ಆರಂಭಿಸಿರುವುದು; 14416 ಎಂಬ ಸಂಖ್ಯೆಗೆ ಹಗಲುರಾತ್ರಿ ಯಾವಾಗಲಾದರೂ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಆ ಸಂಖ್ಯೆಯನ್ನು ನಿಲಯದ ಬಾಗಿಲ ಬಳಿ ಬರೆಯಿಸಿದೆ. ಸೋತವನಿಗೆ ಮರುಪರೀಕ್ಷೆಯೂ ಉಂಟು. 2024ರಲ್ಲಂತೂ ನಮ್ಮ ರಾಜ್ಯದ ಹತ್ತನೆಯ ತರಗತಿಯವರಿಗೆ ಒಂದೇ ವರ್ಷದಲ್ಲಿ ಮೂರು ಸಲ ಬರೆಯುವ ಅವಕಾಶವು ಒದಗಿತ್ತು.

ಶ್ರೀಗಳವರ ಅಪ್ಪಣೆಯಂತೆ, ನಾಳೆಯಿಂದ ಸಾಯಂಪೂಜೆಯಾದ ಮೇಲೆ ಹಳೆಯ ಪಾಠಶಾಲೆಯ ಪಡಸಾಲೆಯಲ್ಲಿ ಪಾಠವೊಪ್ಪಿಸುವುದು ಮತ್ತೆ ನಡೆಯುವುದು. ಯಾವ ತರಗತಿಯವರಾದರೂ ಬರಬಹುದು. ಪುಸ್ತಕವನ್ನು ಪಾದರಕ್ಷೆಯ ಬಳಿ ಇಡದೆ, ಒಳಗಿನ ಗೂಡಿನಲ್ಲಿಟ್ಟು ಬರಿಗೈಯಲ್ಲಿ ಬಂದು ಕುಳಿತುಕೊಳ್ಳಿರಿ.