ಗಾಡಿ ಮಾರೋಣವೇ, ಇಟ್ಟುಕೊಳ್ಳೋಣವೇ?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ತಿಂಗಳು ಇದೇ ಜಾಗದಲ್ಲಿ ಬಹಳ ಚೆಂದದ ಕಾವ್ಯವಾಚನ ಆಯಿತು. ಈ ಸಲ ನನ್ನ ಪಾಲಿಗೆ ಬಂದಿರುವುದು ಡೀಸೆಲ್ ವಾಸನೆಯ ವಿಷಯ, ಸ್ವಲ್ಪ ಸಹಿಸಿಕೊಳ್ಳಿ. ಮನೆಯಿಂದಲೇ ಸಣ್ಣ ಉದ್ಯೋಗ ಮಾಡುವವರು ನಮ್ಮಲ್ಲಿ ಹದಿನೈದು ಮಂದಿಯಾದರೂ ಇದ್ದೇವೆ. ಹಿಟ್ಟು, ಚಟ್ನಿಪುಡಿ, ರೊಟ್ಟಿ, ಬಾಡಿಗೆ ಪಾತ್ರೆ, ಹೂವು, ಹೀಗೆ. ಅವರಲ್ಲಿ ಕೆಲವರ ಹತ್ತಿರ ಸ್ವಂತ ಗಾಡಿ ಇದೆ. ಅದು ಹಳೆಯದಾದಾಗ ಏನು ಮಾಡಬೇಕು ಎಂದು ಇಬ್ಬರು ನನ್ನನ್ನು ಫೋನಿನಲ್ಲಿ ಕೇಳಿದ್ದರು. ಅದನ್ನೇ ಎಲ್ಲರ ಎದುರು ಹೇಳು ಎಂದು ಅಧ್ಯಕ್ಷರ ಆಜ್ಞೆಯಾಗಿದೆ.

ನಮ್ಮದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ. ಆರು ಜನ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಚಿಂಚವಡ, ಹಿಂಜವಡಿ, ಹಡಪಸರ ಕಡೆಯ ಅಂಗಡಿ ಮತ್ತು ಮೆಸ್‌ಗಳಿಗೆ ದಿನಾ ಹೋಗಬೇಕು. ವಾರಕ್ಕೊಮ್ಮೆ ಮಾರ್ಕೆಟ್ ಯಾರ್ಡಿನಿಂದ ಸೋಲಾಪುರ ಕಡೆಯ ಮಾಲದಂಡಿ ಜೋಳದ ಚೀಲ ಬರಬೇಕು. ಇದೆಲ್ಲವನ್ನೂ ಹೊರುವುದು 2014ರ ಮಾಡೆಲ್ಲಿನ ಒಂದು ಡೀಸೆಲ್ ಪಿಕಪ್. ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಕ ಹೊರುವಂಥದ್ದು. ಸಾಲದ ಸಲುವಾಗಿ ಗಾಡಿ ನನ್ನ ಹೆಸರಿನಲ್ಲಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕ್ಲಚ್ ಜಾರತೊಡಗಿತು. ಹಿಂದಿನ ಪಾಟಾ ಒಂದು ಮುರಿದಿತ್ತು. ರೇಡಿಯೇಟರ್ ಸೋರುತ್ತಿತ್ತು. ಮಿಸ್ತ್ರಿ ಹೇಳಿದ ಅಂದಾಜು 34,000 ರೂಪಾಯಿ. ಮನೆಯಲ್ಲಿ ಗಂಡಸರ ಸಭೆ ಸೇರಿತು. ನಮ್ಮ ಮನೆಯವರು, ಬೆಳಗಾವಿಯ ನನ್ನ ಮೈದುನ, ಪಕ್ಕದ ಮನೆಯ ಒಬ್ಬ ಹಿರಿಯರು. ಮೂವರದೂ ಒಂದೇ ಮಾತು: ದೊಡ್ಡ ಗಾಡಿಗೆ ಇನ್ನೂ ಬೆಲೆ ಇದೆ, 3,10,000 ಬರುತ್ತದೆ. ಅದನ್ನು ಕೊಟ್ಟು 1,95,000ಕ್ಕೆ ಒಂದು ಸೆಕೆಂಡ್‌ಹ್ಯಾಂಡ್ ಚಿಕ್ಕ ಗಾಡಿ ತರೋಣ. ಉಳಿದ ದುಡ್ಡಿನಲ್ಲಿ ನಿನ್ನ ಪಾಟಲಿ ಬಿಡಿಸೋಣ.

ನನ್ನ ತಾಯಿ ಕೊಟ್ಟ ಪಾಟಲಿ ಎರಡು ವರ್ಷದಿಂದ ಬ್ಯಾಂಕಿನಲ್ಲಿ ಅಡ ಇವೆ. ಅವನ್ನು ಬಿಡಿಸಲು 1,20,000 ಬೇಕು. ಪಾಟಲಿಯ ಹೆಸರು ತೆಗೆದರೆ ನಾನು ಬೇಡ ಅನ್ನುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಎಂಟು ದಿನ ಕೇಳಿದೆ. ನನ್ನ ಹತ್ತಿರ ಒಂದು ವಹಿ ಇದೆ. ಗಾಡಿಗೆ ಹಾಕಿದ ಪ್ರತಿ ರೂಪಾಯಿ, ಗಾಡಿ ನಿಂತ ಪ್ರತಿ ದಿನ, ಅಂದಂದಿನ ಹೇರು, ಎಲ್ಲ ಅದರಲ್ಲಿ ಬರೆಯುತ್ತೇನೆ. ಬರೆಯುವ ಚಟ ನನ್ನ ತಂದೆಯದು, ಅವರು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು.

ಕಳೆದ ಹದಿನೆಂಟು ತಿಂಗಳಲ್ಲಿ ಗಾಡಿಯ ದುರಸ್ತಿ ಅಂತ ಹೋದದ್ದು 74,000. ಕೇಳಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ಅದರಲ್ಲಿ 24,000 ಟೈರಿನದು, 6,500 ಬ್ಯಾಟರಿಯದು. ಟೈರು, ಬ್ಯಾಟರಿ ಹೊಸ ಗಾಡಿಗೂ ಸವೆಯುತ್ತವೆ, ಅವು ಮುಪ್ಪಿನ ಖರ್ಚಲ್ಲ. ಅವನ್ನು ತೆಗೆದರೆ ಉಳಿದದ್ದು 43,500. ಗಾಡಿ ಗ್ಯಾರೇಜಿನಲ್ಲಿ ನಿಂತದ್ದು ಒಂಬತ್ತು ದಿನ, ಆ ದಿನಗಳಲ್ಲಿ ಬಾಡಿಗೆ ಟೆಂಪೋಕ್ಕೆ ದಿನಕ್ಕೆ 1,800ರಂತೆ 16,200. ಎರಡೂ ಕೂಡಿದರೆ 59,700. ತಿಂಗಳಿಗೆ ಭಾಗಿಸಿದರೆ 3,300 ಚಿಲ್ಲರೆ. ನಮ್ಮ ಗಾಡಿಗೆ ವಯಸ್ಸಾದದ್ದರ ಬೆಲೆ ಇಷ್ಟು. ಇಷ್ಟು ಗೊತ್ತಾದ ಮೇಲೆ ನನಗೆ ಹೆದರಿಕೆ ಅರ್ಧ ಕಡಿಮೆಯಾಯಿತು. ತರುವ ಗಾಡಿಗೆ ಇಂಥ ವಹಿ ಇರುವುದಿಲ್ಲ. ಮಾರುವವನು ಸ್ಪೀಡೋಮೀಟರಿನ ಕಿಲೋಮೀಟರ್ ತೋರಿಸುತ್ತಾನೆ. ಅದನ್ನು ಹಿಂದಕ್ಕೆ ತಿರುಗಿಸುವುದು ಎಷ್ಟು ಸುಲಭ ಎಂದು ಯಾವ ಗ್ಯಾರೇಜಿನ ಹುಡುಗನನ್ನು ಕೇಳಿದರೂ ಹೇಳುತ್ತಾನೆ.

ಆದರೆ ಚಿಕ್ಕ ಗಾಡಿಯ ಪರ ಒಂದು ಗಟ್ಟಿ ವಾದವೂ ಅದೇ ವಹಿಯಲ್ಲಿತ್ತು. ತಿಂಗಳಿಗೆ ಇಪ್ಪತ್ತಾರು ದಿನ ಗಾಡಿ ಓಡುತ್ತದೆ, ಅದರಲ್ಲಿ ಹದಿನೇಳು ದಿನ ಅರ್ಧ ಹೇರೂ ಇರುವುದಿಲ್ಲ. ನಾಲ್ಕು ಡಬ್ಬಿಗೆ ಆನೆ ಯಾಕೆ? ಟಾಟಾ ಏಸ್ 2005ರಲ್ಲಿ ಬಂದಾಗಿನಿಂದ ಇಂಥ ಚಿಕ್ಕ ಗಾಡಿಗಳಿಗೆಲ್ಲ ಜನ ‘ಛೋಟಾ ಹಾಥಿ’ ಅಂತಲೇ ಕರೆಯುತ್ತಾರೆ. ಮುಕ್ಕಾಲು ಟನ್ ಆಸುಪಾಸು ಹೊರುತ್ತವೆ, ಪೇಠೆಯ ಸಂದಿಯಲ್ಲಿ ತಿರುಗುತ್ತವೆ, ಡೀಸೆಲ್ ಕಡಿಮೆ ಕುಡಿಯುತ್ತವೆ. ದಿನಕ್ಕೆ 60 ಕಿಲೋಮೀಟರ್ ಓಡಾಟಕ್ಕೆ ನಮ್ಮ ಗಾಡಿ ಲೀಟರಿಗೆ 12 ಕೊಡುತ್ತದೆ, ಚಿಕ್ಕದು 18 ಕೊಡುತ್ತದೆ ಎಂದು ಇಟ್ಟುಕೊಂಡರೂ ತಿಂಗಳಿಗೆ ಸುಮಾರು 4,000 ಉಳಿಯುತ್ತದೆ. ಅಂದರೆ ಮುಪ್ಪಿನ ಖರ್ಚಿಗಿಂತ ಹೆಚ್ಚು! ಇಲ್ಲಿ ನನ್ನ ಮನಸ್ಸೂ ಆ ಕಡೆ ವಾಲಿತ್ತು.

ಉಳಿದ ಒಂಬತ್ತು ದಿನ ನೋಡಿದೆ. ಜೋಳದ ಚೀಲದ ದಿನಗಳು, ಮದುವೆ, ಮುಂಜಿ, ಸೀಮಂತದ ಹೋಳಿಗೆ ಆರ್ಡರು. ಚಿಕ್ಕ ಗಾಡಿ ಅಂದು ಎರಡು ಸುತ್ತು ಹೊಡೆಯಬೇಕು. ಎರಡನೆಯ ಸುತ್ತಿನ ಡೀಸೆಲ್ 2,700. ನಮ್ಮ ಡ್ರೈವರ್ ಕಾಕಾ ರಾತ್ರಿ ಒಂಬತ್ತರವರೆಗೆ ನಿಂತರೆ ದಿನಕ್ಕೆ 200ರಂತೆ 1,800. ಕೂಡಿಸಿದರೆ 4,500. ಉಳಿತಾಯ ಪೂರ್ತಿ ಕರಗಿ ಮೇಲೆ 500 ಕೈಯಿಂದ ಹೋಯಿತು. ಮೇಲಾಗಿ ಮದುವೆ ಮನೆಗೆ ಅರ್ಧ ಹೋಳಿಗೆ ಮುಟ್ಟಿ ಅರ್ಧ ಚಾಂದಣಿ ಚೌಕದ ಟ್ರಾಫಿಕ್ಕಿನಲ್ಲಿ ನಿಂತರೆ ಮುಂದಿನ ಆರ್ಡರು ಬರುವುದಿಲ್ಲ.

ನಿಮ್ಮ ಲೆಕ್ಕ ಬೇರೆ ಬರಬಹುದು. ಬರೀ ಚಟ್ನಿಪುಡಿ, ಹಪ್ಪಳ ಕಳಿಸುವವರಿಗೆ ಚಿಕ್ಕ ಗಾಡಿಯೇ ಸರಿ, ಅಂಥವರು ದೊಡ್ಡದನ್ನು ಇವತ್ತೇ ಮಾರಲಿ. ನಾನು ಹೇಳುವುದು ಇಷ್ಟೇ, ಹೇರಿನ ಲೆಕ್ಕ ಬರೆಯದೆ ಗಾಡಿಯ ಬೆಲೆಯನ್ನಷ್ಟೇ ಹೋಲಿಸಬೇಡಿ.

ಆದರೂ ಮನೆಯವರ ಮಾತಿಗೆ ಗೌರವ ಕೊಟ್ಟು ಮೂರು ಗಾಡಿ ನೋಡಿ ಬಂದೆವು. ಮೊದಲನೆಯದರ ಆರ್‌ಸಿಯ ಮೇಲೆ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಇತ್ತು. “ಸಾಲ ತೀರಿದೆ ತಾಯಿ, ಕಾಗದ ನಂತರ ಕೊಡುತ್ತೇನೆ” ಎಂದ. ಸಾಲ ತೀರಿದ್ದರೆ ಕಂಪನಿಯ ಎನ್‌ಒಸಿ ಮತ್ತು ಫಾರ್ಮ್ 35 ಕೈಯಲ್ಲಿರಬೇಕು, ಆರ್‌ಟಿಓದಲ್ಲಿ ಆ ಹೆಸರು ತೆಗೆಸಿರಬೇಕು. ಅಲ್ಲಿಯವರೆಗೆ ಅಂಥ ಗಾಡಿಗೆ ಮುಂಗಡ ಸಹ ಕೊಡಬಾರದು.

ಎರಡನೆಯದು ಬೆಳಗಾವಿಯದು, ಕೆಎ 22. ಮೈದುನ ಫೋಟೋ ಕಳಿಸಿ, “ವೈನಿ, ಗಾಡಿ ಭಾಳ ಚಲೋ ಐತ್ರಿ, ನಮ್ಮೋರದs ಐತಿ, ನಲವತ್ತು ಸಾವಿರ ಕಡಿಮಿ ಆಗತೈತಿ” ಅಂದ. ಊರಿನ ಗಾಡಿ ಅಂದರೆ ನಮಗೆಲ್ಲ ಕರುಳು ಎಳೆಯುತ್ತದೆ. ಆದರೆ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಲೇಬೇಕು. ಅದಕ್ಕೆ ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಮಹಾರಾಷ್ಟ್ರದ ರಸ್ತೆ ತೆರಿಗೆ ಕಟ್ಟಬೇಕು. ಓಡಾಟದ ಖರ್ಚು ಸೇರಿಸಿದರೆ ನಲವತ್ತು ಸಾವಿರದಲ್ಲಿ ಏನೂ ಉಳಿಯುತ್ತಿರಲಿಲ್ಲ. ಮೈದುನನಿಗೆ ಸ್ವಲ್ಪ ಬೇಜಾರಾಯಿತು, ಗಣಪತಿ ಹಬ್ಬಕ್ಕೆ ಬಂದು ಕರಿಗಡಬು ತಿಂದು ಹೋದಮೇಲೆ ಸರಿಹೋಯಿತು.

ಮೂರನೆಯದು ಚೆನ್ನಾಗಿಯೇ ಇತ್ತು. ಕಾಗದ ಸರಿ, ಚಾಸಿ ನಂಬರು ಆರ್‌ಸಿಗೆ ತಾಳೆಯಾಗುತ್ತಿತ್ತು, ಬಾಕಿ ಚಲನ್ ಇರಲಿಲ್ಲ. ಬೆಲೆ ಅದೇ 1,95,000. ನಮ್ಮ ಮಿಸ್ತ್ರಿ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಬಂದು ಶುರು ಮಾಡಿ ನೋಡಿದ. ನೀವೂ ಹಾಗೇ ಮಾಡಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ಈ ಗಾಡಿಗೆ ಟೈರು ಮತ್ತು ಕ್ಲಚ್ಚಿಗೆ 28,000, ಮುಗಿಯುತ್ತ ಬಂದ ವಿಮೆಗೆ 20,000, ದಲ್ಲಾಳಿ ಮತ್ತು ವರ್ಗಾವಣೆಗೆ 9,000. ಒಟ್ಟು 57,000. ನಮ್ಮ ಗಾಡಿಯ ವಿಮೆ ಆಗತಾನೇ ಕಟ್ಟಿದ್ದೆವು, ಅದು ಕೊಂಡವನ ಪಾಲು. ಎರಡು ಬೆಲೆಗಳ ಅಂತರ 1,15,000 ಅಲ್ಲವೇ? ಅದರಲ್ಲಿ 57,000 ಕಳೆದರೆ ಉಳಿಯುವುದು 58,000. ಒಂದು ಪಾಟಲಿಯೂ ಪೂರ್ತಿ ಬಿಡುಗಡೆಯಾಗುವುದಿಲ್ಲ!

ಇದನ್ನು ಕಾಗದದ ಮೇಲೆ ಬರೆದು ಚಹದ ಜೊತೆ ಮನೆಯವರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು.

ಈಗ ಹೆಸರಿನ ಮಾತು. ನಮ್ಮಲ್ಲಿ ಎಷ್ಟೋ ಜನರ ಹೆಸರಿನಲ್ಲಿ ಗಾಡಿ ಇದೆ, ಆದರೆ ಆರ್‌ಸಿಯನ್ನು ನಾವು ಕಣ್ಣಿಂದ ನೋಡಿರುವುದಿಲ್ಲ. ಮಾರುವಾಗ ಫಾರ್ಮ್ 29 ಮತ್ತು 30ರ ಮೇಲೆ “ಇಲ್ಲಿ ಸಹಿ ಹಾಕು” ಎಂದರೆ ಹಾಕಿಬಿಡುತ್ತೇವೆ, ಕೊಳ್ಳುವವರ ಹೆಸರಿನ ಜಾಗ ಖಾಲಿ ಇದ್ದರೂ ಸರಿ. ದಲ್ಲಾಳಿ ಆ ಖಾಲಿ ಫಾರ್ಮ್ ಇಟ್ಟುಕೊಂಡು ಗಾಡಿಯನ್ನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ದಾಟಿಸುತ್ತಾನೆ. ವರ್ಗಾವಣೆ ಆಗಿರುವುದಿಲ್ಲ. ಆ ಗಾಡಿ ಯಾರಿಗಾದರೂ ಗುದ್ದಿದರೆ ನೋಟಿಸು ಬರುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಇಂಥದೇ ಪ್ರಕರಣದಲ್ಲಿ ಹೇಳಿದೆ. ಅಲ್ಲಿಯೂ ಗಾಡಿ ಕೈಯಿಂದ ಕೈಗೆ ಹೋಗಿತ್ತು, ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಆದ್ದರಿಂದ ಖಾಲಿ ಫಾರ್ಮಿಗೆ ಸಹಿ ಬೇಡ. ಕೊಳ್ಳುವವರ ಆಧಾರ್ ಪ್ರತಿ, ಗಾಡಿ ಒಪ್ಪಿಸಿದ ದಿನ ಮತ್ತು ಗಂಟೆ ಬರೆದ ರಸೀದಿ ತೆಗೆದುಕೊಳ್ಳಿ. ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಿ. ಪರಿವಾಹನ್ ಪೋರ್ಟಲ್‌ನಲ್ಲಿ ಹೆಸರು ಬದಲಾದದ್ದನ್ನು ನೀವೇ ನೋಡುವತನಕ ವಿಷಯ ಮುಗಿಯಿತು ಅಂದುಕೊಳ್ಳಬೇಡಿ.

ಹಳೆಯ ಗಾಡಿ ಇಟ್ಟುಕೊಳ್ಳುವವರಿಗೂ ಒಂದು ಮಾತು. ಸರಕಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ಮಹಾರಾಷ್ಟ್ರದಲ್ಲಿ ಎಂಟು ವರ್ಷ ದಾಟಿದರೆ ಪರಿಸರ ತೆರಿಗೆಯೂ ಇದೆ. ಫಿಟ್‌ನೆಸ್ ಮುಗಿದ ಗಾಡಿ ಕಾನೂನಿನ ಕಣ್ಣಿಗೆ ನೋಂದಣಿಯೇ ಇಲ್ಲದ ಗಾಡಿ, ಒಂದು ದಿನವೂ ರಸ್ತೆಗೆ ಇಳಿಸಬಾರದು. ಹತ್ತು ವರ್ಷ ಆದಕೂಡಲೆ ಡೀಸೆಲ್ ಗಾಡಿ ಗುಜರಿಗೆ ಎಂದು ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನು ನೋಡಿ ಗಾಬರಿಯಾಗಿ ಮಾರಬೇಡಿ. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು, 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ದೆಹಲಿ ಮತ್ತು ಅದರ ಸುತ್ತಲಿನ ಎನ್‌ಸಿಆರ್ ಪ್ರದೇಶದ ಮಾತು. ಆ ಗಾಬರಿಯಲ್ಲಿ ಮಾರುವವರಿಗಾಗಿಯೇ ದಲ್ಲಾಳಿಗಳು ಕಾಯುತ್ತಿರುತ್ತಾರೆ.

ಕೊನೆಗೆ ನಾವು ಮಾಡಿದ್ದು ಹೀಗೆ. 34,000 ಕೊಟ್ಟು ಕ್ಲಚ್, ಪಾಟಾ, ರೇಡಿಯೇಟರ್ ಸರಿಮಾಡಿಸಿದೆವು. ಬ್ಯಾಂಕಿನಲ್ಲಿ ತಿಂಗಳಿಗೆ 3,500ರ ಆರ್‌ಡಿ ತೆರೆದೆವು, ಅದು ಗಾಡಿಯದೇ ದುಡ್ಡು, ಹಬ್ಬ ಬಂದರೂ ಮುಟ್ಟುವ ಹಾಗಿಲ್ಲ. ಒಂದು ಗೆರೆಯನ್ನೂ ಎಳೆದಿದ್ದೇವೆ: ಎಂಜಿನ್ ಬಿಚ್ಚುವ ಕೆಲಸ ಬಂದು ಅಂದಾಜು 70,000 ದಾಟಿದರೆ ದುರಸ್ತಿ ಇಲ್ಲ, ಇದ್ದ ಸ್ಥಿತಿಯಲ್ಲೇ ಮಾರುವುದು. ಈ ಮಾತನ್ನು ವಹಿಯ ಮೊದಲ ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿದ್ದೇವೆ. ಗಾಡಿ ಗ್ಯಾರೇಜಿನಲ್ಲಿ ನಿಂತು, ಮನೆಯಲ್ಲಿ ಆರ್ಡರು ಕಾಯುತ್ತಿರುವಾಗ ಇಂಥ ಗೆರೆ ಎಳೆಯಲು ಆಗುವುದಿಲ್ಲ. ಅವತ್ತು ಮಿಸ್ತ್ರಿ ಕೇಳಿದಷ್ಟು ಕೊಟ್ಟುಬಿಡುತ್ತೇವೆ.

ಪಾಟಲಿ ಇನ್ನೂ ಬ್ಯಾಂಕಿನಲ್ಲೇ ಇವೆ. ಬಡ್ಡಿ ಕಟ್ಟಿ, ಮೇಲೆ ತಿಂಗಳಿಗೆ 5,000 ಅಸಲಿಗೆ ಹಾಕುತ್ತಿದ್ದೇನೆ, ಎರಡು ವರ್ಷ ಹಿಡಿಯುತ್ತದೆ. ಮಗಳ ನಿಶ್ಚಿತಾರ್ಥಕ್ಕೆ ಬರಿಗೈಯಲ್ಲಿ ಕೂರಬೇಕಾದೀತು ಎಂಬ ಚಿಂತೆ ಇದೆ, ಇಲ್ಲವೆನ್ನುವುದಿಲ್ಲ. ನಮ್ಮ ಮನೆಯವರಿಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ರಸ್ತೆಯಲ್ಲಿ ಆ ಮೂರನೆಯ ಗಾಡಿ ಕಂಡಾಗಲೆಲ್ಲ, “ನೋಡು, ಇನ್ನೂ ಓಡುತ್ತಿದೆ” ಅನ್ನುತ್ತಾರೆ. ನಮ್ಮದೂ ಓಡುತ್ತಿದೆಯಲ್ಲ ಅನ್ನುತ್ತೇನೆ.

ಮುಂದಿನ ಫಿಟ್‌ನೆಸ್ ಫೆಬ್ರವರಿಯಲ್ಲಿದೆ. ವಹಿಯಲ್ಲಿ ಅಂಕಣ ಹೇಗೆ ಹಾಕಿದ್ದೇನೆ ಎಂದು ನೋಡಬೇಕೆನ್ನುವವರು ಚಹದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಚೀಲದಲ್ಲಿ ತಂದಿದ್ದೇನೆ.