ಎರವು ತಂದವರ ಹೊಣೆ

ಮದುವೆಯ ಮನೆಯವರು ಅಡುಗೆಗೆ ಬೇಕಾದ ಕೊಪ್ಪರಿಗೆ, ಕಡಾಯಿಗಳನ್ನೆಲ್ಲ ಹೊಸದಾಗಿ ಮಾಡಿಸಲು ಹೋಗುವುದಿಲ್ಲ. ದೇವಸ್ಥಾನದಿಂದಲೋ ಛತ್ರದಿಂದಲೋ ಎರವು ತರುತ್ತಾರೆ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಆದರೆ ಬಲ್ಲ ಅಡುಗೆಯವನು ಹಿತ್ತಾಳೆಯ ಪಾತ್ರೆಗೆ ಹುಳಿ ಸುರಿಯುವ ಮುನ್ನ ಒಳಗಿನ ಕಲಾಯಿಯನ್ನು ನೋಡುತ್ತಾನೆ. ಹುಳಿ ಕಿಲುಬಿದರೆ ಉಂಡವರು ದೂರುವುದು ಪಾತ್ರೆ ಕೊಟ್ಟವರನ್ನಲ್ಲ, ಬಡಿಸಿದವರನ್ನು. ಮೊಬೈಲ್ ಫೋನಿನ ಆ್ಯಪುಗಳ ನಿರ್ಮಾಣದಲ್ಲಿಯೂ ಇಂಥ ಎರವಿನ ವ್ಯವಹಾರ ಬಹಳವಾಗಿ ನಡೆಯುತ್ತದೆ. ಅದನ್ನು ಕುರಿತು ಈ ಹೊತ್ತು ನಾಲ್ಕು ಮಾತು.

ಬ್ಯಾಂಕಿನ ಲೆಕ್ಕ ನೋಡಲು, ರೈಲಿನ ಟಿಕೆಟು ಕೊಳ್ಳಲು, ಮಕ್ಕಳ ಪಾಠಕ್ಕೆ, ಹೀಗೆ ಒಂದೊಂದಕ್ಕೂ ಒಂದೊಂದು ಆ್ಯಪು ನಮ್ಮ ಕೈಯಲ್ಲಿದೆ. ಅದರ ಮೇಲೆ ಕಾಣುವುದು ಒಂದೇ ಸಂಸ್ಥೆಯ ಹೆಸರು; ಒಳಗೆ ದುಡಿದಿರುವುದು ಅನೇಕರ ಕೈ. ಬೇರೆ ಯಾರೋ ಬರೆದು ಎಲ್ಲರ ಉಪಯೋಗಕ್ಕೆಂದು ಇಟ್ಟಿರುವ ಸಿದ್ಧ ಭಾಗಗಳನ್ನು ತಂದು ಆ್ಯಪಿನಲ್ಲಿ ಕೂಡಿಸುತ್ತಾರೆ. ಇವಕ್ಕೆ ಪ್ಯಾಕೇಜುಗಳೆಂದು ಹೆಸರು. ಗೂಗಲ್ ಸಂಸ್ಥೆಯ ಫ್ಲಟರ್ ಎಂಬ ಸಾಧನದಿಂದ ಆ್ಯಪು ಕಟ್ಟುವವರಿಗೆ ಪಬ್ ಡೆವ್ ಎಂಬ ಭಂಡಾರವೇ ಇದೆ.

ಈ ಎರವು ಇಲ್ಲದಿದ್ದರೆ ಗತಿಯೇನು? 'ಸ್ತ್ರೀ' ಎಂಬ ಒಂದಕ್ಷರವನ್ನು ನೋಡಿ. ಫೋನಿನೊಳಗೆ ಅದು ಆರು ಸಂಕೇತಗಳ ಸಾಲು. ಒತ್ತಕ್ಷರಗಳನ್ನೂ ದೀರ್ಘವನ್ನೂ ತಕ್ಕ ಎಡೆಯಲ್ಲಿ ಕೂರಿಸಿ ಓದುವಂತೆ ಮಾಡುವುದು ಹಾರ್ಫ್‌ಬಜ್ ಎಂಬ ಹಂಚಿಕೆಯ ಭಾಗ. ಆಂಡ್ರಾಯಿಡ್, ಫ್ಲಟರ್ ಎರಡರಲ್ಲಿಯೂ ಅದೇ ಇದೆ. ಪ್ರತಿಯೊಬ್ಬನೂ ಈ ವಿದ್ಯೆಯನ್ನು ಮೊದಲಿನಿಂದ ಕಟ್ಟಬೇಕಾಗಿದ್ದರೆ ಒಂದೊಂದು ಆ್ಯಪಿನಲ್ಲಿ ಕನ್ನಡದ ಒತ್ತು ಒಂದೊಂದು ಕಡೆ ಬೀಳುತ್ತಿತ್ತು. ಲೆಕ್ಕಪತ್ರ, ವಿಳಾಸಗಳನ್ನು ಕ್ರಮವಾಗಿಡುವ ಎಸ್‌ಕ್ಯೂಲೈಟ್ 2000ದಲ್ಲಿ ಅಮೆರಿಕದ ರಿಚರ್ಡ್ ಹಿಪ್ ಅವರಿಂದ ಹುಟ್ಟಿತು. ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಇಂದು ಆಂಡ್ರಾಯಿಡ್, ಐಫೋನ್‌ಗಳಲ್ಲೆಲ್ಲ ಅದು ಇದೆ. ಎರವು ತರುವುದು ಸೋಮಾರಿತನವಲ್ಲ, ವಿವೇಕ.

ಆದರೆ ತಂದ ವಸ್ತು ತಂದ ಹಾಗೆಯೇ ಇರುತ್ತದೆಂಬ ಭರವಸೆಯಿಲ್ಲ. ಮೂರು ನಿದರ್ಶನಗಳನ್ನು ಕೊಡುತ್ತೇನೆ.

ಸಾಲಿನ ಎಡಗಡೆ ಬೇಕಾದಷ್ಟು ತೆರಪು ತುಂಬುವ ಲೆಫ್ಟ್‌ಪ್ಯಾಡ್ ಎಂಬ ಪ್ಯಾಕೇಜು ಇತ್ತು. ಬರಿಯ 11 ಸಾಲಿನದು. 2016ರ ಮಾರ್ಚಿಯಲ್ಲಿ ಅದರ ಕರ್ತೃ ಒಂದು ಜಗಳದಿಂದ ಬೇಸತ್ತು ಅದನ್ನು ಭಂಡಾರದಿಂದ ಹಿಂತೆಗೆದುಕೊಂಡ. ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ನೆಚ್ಚಿದ್ದ ಸಾವಿರಾರು ಪ್ರೋಗ್ರಾಮುಗಳ ಕಟ್ಟಡ ನಿಂತುಹೋಯಿತು. ಭಂಡಾರದವರು ಕೆಲವೇ ಗಂಟೆಗಳೊಳಗೆ ಅದನ್ನು ಮರಳಿ ಇರಿಸಬೇಕಾಯಿತು.

2020ರ ಮೇ 6ರಂದು ಸ್ಪಾಟಿಫೈ, ಪಿಂಟರೆಸ್ಟ್ ಮೊದಲಾದ ಆ್ಯಪುಗಳು ಐಫೋನಿನಲ್ಲಿ ತೆರೆದೊಡನೆ ಮುಚ್ಚಿಕೊಳ್ಳತೊಡಗಿದುವು. ಅವುಗಳೊಳಗೆ ಫೇಸ್‌ಬುಕ್ ಸಂಸ್ಥೆ ಒದಗಿಸಿದ ಒಂದು ಭಾಗವಿತ್ತು. ದೂರದ ಸರ್ವರಿನಲ್ಲಿ ಆದ ಬದಲಾವಣೆಯಿಂದ ಅದು ಕುಸಿದು ಇಡೀ ಆ್ಯಪನ್ನೇ ಕೆಡವಿತು. ಫೇಸ್‌ಬುಕ್ಕಿನ ಮೂಲಕ ಪ್ರವೇಶ ಮಾಡದವರಿಗೂ ತೊಂದರೆ ತಪ್ಪಲಿಲ್ಲ. ಅದೇ ಜುಲೈ 10ರಂದು ಇದೇ ಬಗೆಯ ಕುಸಿತ ಮರುಕಳಿಸಿತು.

ಮೂರನೆಯದು ಇನ್ನೂ ಗಂಭೀರ. ಈವೆಂಟ್‌ಸ್ಟ್ರೀಮ್ ಎಂಬ ಜನಪ್ರಿಯ ಪ್ಯಾಕೇಜಿನ ಕರ್ತೃವಿಗೆ ಅದರ ಮೇಲೆ ಆಸಕ್ತಿ ತಗ್ಗಿತ್ತು. ನೋಡಿಕೊಳ್ಳುತ್ತೇನೆಂದು ಮುಂದೆ ಬಂದ ಅಪರಿಚಿತನಿಗೆ ಅದನ್ನು ಒಪ್ಪಿಸಿದ. ಆ ಅಪರಿಚಿತ ಅದರೊಳಗೆ ಮತ್ತೊಂದು ಪ್ಯಾಕೇಜನ್ನು ಹೊಗಿಸಿ, ಕೋಪೇ ಎಂಬ ಬಿಟ್‌ಕಾಯಿನ್ ಆ್ಯಪಿನ ಬೀಗದ ಕೈಗಳನ್ನು ಕದಿಯುವ ಸಾಲುಗಳನ್ನು ಅಡಗಿಸಿದ್ದ. 2018ರ ನವೆಂಬರಿನಲ್ಲಿ ಇದು ಬಯಲಾಯಿತು. ಭಂಡಾರ ಅದೇ, ಹೆಸರು ಅದೇ. ಕೈ ಮಾತ್ರ ಬೇರೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲು, ಹತ್ತು ಸಾಲಿನಲ್ಲಿ ಮುಗಿಯುವ ಕೆಲಸವನ್ನು ತಾನೇ ಬರೆದುಕೊಳ್ಳುವುದು ಲೇಸು. ರಹಸ್ಯಲಿಪಿಯಂಥ ಕಠಿನ ವಿದ್ಯೆಯನ್ನು ಮಾತ್ರ ನುರಿತವರಿಂದಲೇ ತರಬೇಕು. ಎರಡನೆಯದಾಗಿ, ಪ್ಯಾಕೇಜನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ, ಕಡೆಯ ಸಲ ದುರಸ್ತಿಯಾದದ್ದು ಯಾವಾಗ, ಅದು ತಾನೇ ಇನ್ನೆಷ್ಟು ಎರವು ತಂದಿದೆ ಎಂದು ವಿಚಾರಿಸಬೇಕು. ಮೂರನೆಯದಾಗಿ, ಪರೀಕ್ಷಿಸಿದ ಆವೃತ್ತಿಯ ಸಂಖ್ಯೆಯನ್ನು ಲಾಕ್ ಫೈಲಿನಲ್ಲಿ ಭದ್ರಪಡಿಸಿಡಬೇಕು. ಹಾಗೆಂದು ವರ್ಷಗಟ್ಟಲೆ ಮುಟ್ಟದೆ ಬಿಡಲೂಬಾರದು. ಲೋಪಗಳನ್ನು ತಿದ್ದಿದ ಹೊಸ ಆವೃತ್ತಿಯನ್ನು ನೋಡಿ ತಿಳಿದು ತರಬೇಕು. ಉಚಿತವೆಂದರೆ ನಿಬಂಧನೆಯಿಲ್ಲವೆಂದಲ್ಲ, ಲೈಸೆನ್ಸನ್ನೂ ಓದಬೇಕು.

ಇನ್ನೊಂದು ಉಪಾಯವನ್ನು ನಮ್ಮ ಭಾಷೆಯೇ ಕಲಿಸುತ್ತದೆ. 'ಬಸ್' ಎಂಬ ಪದವನ್ನು ಎರವು ತಂದ ಕನ್ನಡ ಅದಕ್ಕೆ ತನ್ನ ಪ್ರತ್ಯಯ ಹಚ್ಚಿ ಬಸ್ಸನ್ನು, ಬಸ್ಸಿನಲ್ಲಿ ಎಂದು ತನ್ನ ವ್ಯಾಕರಣಕ್ಕೆ ಒಳಪಡಿಸಿತು. ಆ್ಯಪು ಕಟ್ಟುವವನೂ ಪ್ಯಾಕೇಜನ್ನು ಎಲ್ಲೆಂದರಲ್ಲಿ ಚೆಲ್ಲದೆ, ತನ್ನದೇ ಒಂದು ಹೊದಿಕೆಯೊಳಗೆ ಇರಿಸಬೇಕು. ನಾಳೆ ಅದನ್ನು ಬದಲಾಯಿಸಬೇಕಾದರೆ ಒಂದೇ ಕಡೆ ತಿದ್ದಿದರೆ ಸಾಕು.

ಶ್ರೋತೃಗಳೇ, ನಮಗೂ ಇದರಲ್ಲಿ ಪಾಲಿದೆ. ಆಂಡ್ರಾಯಿಡ್ ಫೋನಿನಲ್ಲಿ ಆ್ಯಪಿಗೆ ನಾವು ಕೊಟ್ಟ ಅನುಮತಿ ಸಾಮಾನ್ಯವಾಗಿ ಅದರೊಳಗಿನ ಪ್ಯಾಕೇಜುಗಳಿಗೂ ಸಲ್ಲುತ್ತದೆ. ನಾವು ಇರುವ ಸ್ಥಳ, ನಮ್ಮ ಪರಿಚಿತರ ಪಟ್ಟಿ, ಇವನ್ನು ಒಬ್ಬರಿಗೆ ತೋರಿಸಿದೆವೆಂದುಕೊಂಡರೂ ಅವು ಹೆಸರೇ ತಿಳಿಯದ ಮತ್ತೊಬ್ಬರ ಕಣ್ಣಿಗೆ ಬೀಳಬಹುದು. ಪ್ಲೇ ಸ್ಟೋರಿನಲ್ಲಿ ಪ್ರತಿ ಆ್ಯಪಿನ ಕೆಳಗೆ ಅದು ಯಾವ ಮಾಹಿತಿ ಸಂಗ್ರಹಿಸುತ್ತದೆ, ಯಾರೊಡನೆ ಹಂಚಿಕೊಳ್ಳುತ್ತದೆ ಎಂಬ ವಿವರವಿರುತ್ತದೆ. ಒಳಗಿನ ಪ್ಯಾಕೇಜುಗಳ ಲೆಕ್ಕವನ್ನೂ ಸೇರಿಸಿ ಹೇಳುವುದು ನಿರ್ಮಾಪಕರ ಕರ್ತವ್ಯ. ಐಫೋನಿಗೆ ಸಂಬಂಧಿಸಿ ಆಪಲ್ ಸಂಸ್ಥೆ 2024ರ ಮೇ 1ರಿಂದ, ತಾನು ಹೆಸರಿಸಿದ ಪ್ಯಾಕೇಜುಗಳನ್ನು ಹೊಸದಾಗಿ ಸೇರಿಸುವಾಗ ಇಂಥ ವಿವರಪತ್ರ ಇರಲೇಬೇಕೆಂದು ವಿಧಿಸಿದೆ. ಟಾರ್ಚು ಹೊತ್ತಿಸುವ ಆ್ಯಪು ನಿಮ್ಮ ಬಂಧುಗಳ ಫೋನ್ ನಂಬರು ಕೇಳಿದರೆ, ಕೊಡಲು ನಿರಾಕರಿಸುವ ಸ್ವಾತಂತ್ರ್ಯ ನಿಮಗಿದೆ.

ನಿಮ್ಮ ಮನೆಯ ಮಗನೋ ಮಗಳೋ ಆ್ಯಪು ಕಟ್ಟುತ್ತಿದ್ದರೆ ಅವರಿಗೆ ಇಷ್ಟು ಹೇಳಿ: ಪರರ ಶ್ರಮವನ್ನು ಕೃತಜ್ಞತೆಯಿಂದ ಬಳಸು, ತಪ್ಪು ಕಂಡರೆ ಅದರ ಕರ್ತೃವಿಗೆ ತಿಳಿಸು, ಕೈಲಾದರೆ ತಿದ್ದಿ ಕಳುಹಿಸು. ಆದರೆ ನಿನ್ನ ಹೆಸರಿನಲ್ಲಿ ಜನರ ಕೈಗೆ ಹೋದದ್ದರಲ್ಲಿ 'ಅದು ನಾನು ಬರೆದದ್ದಲ್ಲ' ಎಂಬ ಮಾತಿಗೆ ಎಡೆಯಿಲ್ಲ.