ಲೋಳೆಸರದ ಹಳದಿ ರಸ

ಲೋಳೆಸರ ಎಂದೊಡನೆ ಈಗ ನಮ್ಮ ಕಣ್ಣಿಗೆ ಕಟ್ಟುವುದು ಎಲೆಯೊಳಗಿನ ತಿಳಿಯಾದ ಲೋಳೆ. ಆದರೆ ಶತಮಾನಗಳ ಕಾಲ ವ್ಯಾಪಾರಿಗಳು ಹಡಗಿಗೆ ತುಂಬಿಸಿದ್ದು ಸಿಪ್ಪೆಯ ಅಡಿಯಲ್ಲಿ ಹರಿಯುವ ಕಹಿ ಹಳದಿ ರಸವನ್ನು.

ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲೇ ಲೋಳೆಸರದ ಪ್ರಸ್ತಾಪವಿದೆ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರೈಡಿಸ್ ಅದರ ಉಪಯೋಗಗಳನ್ನು ವಿವರವಾಗಿ ಬರೆದಿಟ್ಟ. ಮುಂದೆ ಸೊಕೋತ್ರ ದ್ವೀಪ, ಬಾರ್ಬಡೋಸ್, ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯ ಈ ರಸಕ್ಕೆ ಹೆಸರಾದವು. ಮೂರೂ ಕಡೆಯ ಜಾತಿಗಳು ಬೇರೆ ಬೇರೆ. ಕೇಪ್‌ನವರ ಕ್ರಮ ನೋಡಿ: ನೆಲದಲ್ಲಿ ಸಣ್ಣ ಗುಣಿ ತೋಡಿ, ಅದಕ್ಕೆ ಆಡಿನ ಚರ್ಮ ಹಾಸಿ, ಕೊಯ್ದ ಎಲೆಗಳ ಬುಡ ಒಳಮುಖವಾಗುವಂತೆ ಸುತ್ತಲೂ ಪೇರಿಸುತ್ತಿದ್ದರು. ರಸ ತಾನಾಗಿ ತೊಟ್ಟಿಕ್ಕುತ್ತಿತ್ತು. ಅದನ್ನು ಗಂಟೆಗಟ್ಟಲೆ ಕುದಿಸಿ ಆರಿಸಿದರೆ ಗಾಜಿನಂತೆ ಹೊಳೆಯುವ ಕಪ್ಪು ಗಟ್ಟಿ. ನಮ್ಮ ಗ್ರಂಧಿಗೆ ಅಂಗಡಿಯ ಕರಿಬೋಳವೂ ಹೀಗೆ ಲೋಳೆಸರದ ರಸವನ್ನು ಗಟ್ಟಿ ಮಾಡಿದ್ದೇ.

1851ರಲ್ಲಿ ಎಡಿನ್‌ಬರೋದ ಸ್ಮಿತ್ ಸಹೋದರರು ಬಾರ್ಬಡೋಸ್ ಸರಕಿನಿಂದ ಅಲೋಯಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದರು. ಹೊಟ್ಟೆ ಸಡಿಲಿಸುವ ಗುಣ ಇದರದೇ. ಆಮೇಲೆ ಒಂದೊಂದು ಜಾತಿಯ ಒಡಲೂ ತೆರೆಯುತ್ತ ಹೋಯಿತು. ಕೇಪ್‌ನ ಲೋಳೆಸರ ಜಾತಿಯಾದ ಅಲೋ ಫೆರಾಕ್ಸ್‌ನಲ್ಲಿ ಅಲೋಯಿನ್ ಜೊತೆಗೆ ಅಲೋಯೆಸಿನ್ ಇದೆ. ಜಪಾನಿನ ಮನೆಯಂಗಳಗಳ ಅಲೋ ಆರ್ಬೊರೆಸೆನ್ಸ್‌ನಲ್ಲಿ ಅಲೋಯೆನಿನ್ ಇದೆ. ಇಂಥ ಫೀನಾಲಿಕ್ ವಸ್ತುಗಳಲ್ಲಿ ಹಲವು ಪ್ರಯೋಗಾಲಯದಲ್ಲಿ ಆಂಟಿಆಕ್ಸಿಡೆಂಟ್‌ಗಳಂತೆ ವರ್ತಿಸುತ್ತವೆ. ಜೀವಕೋಶಕ್ಕೆ ಹಾನಿ ಮಾಡುವ ಮುಕ್ತ ರ‍್ಯಾಡಿಕಲ್‌ಗಳನ್ನು ತಣಿಸುತ್ತವೆ.

ಲೋಳೆಗೆ ಆಧುನಿಕ ವೈದ್ಯಶಾಸ್ತ್ರದ ಗಮನ ದೊರೆತದ್ದು ತಡವಾಗಿ. 1935ರಲ್ಲಿ ಅಮೆರಿಕದ ವೈದ್ಯರು ಎಕ್ಸ್‌ರೇಯಿಂದಾದ ಚರ್ಮದ ಗಾಯಕ್ಕೆ ತಾಜಾ ಎಲೆ ಬಳಸಿ ಗುಣ ಕಂಡದ್ದನ್ನು ವರದಿ ಮಾಡಿದರು. ಆದರೆ ಲೋಳೆಯಲ್ಲಿ ಶೇ. 98ಕ್ಕೂ ಹೆಚ್ಚು ನೀರು; ಫೀನಾಲಿಕ್ ವಸ್ತುಗಳು ಹೆಚ್ಚಿರುವುದು ಸಿಪ್ಪೆ ಮತ್ತು ಹಳದಿ ರಸದಲ್ಲಿ. ಗಿಡದ ವಯಸ್ಸೂ ಮುಖ್ಯ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ಮತ್ತು ನಾಲ್ಕು ವರ್ಷದ ಅಲೋವೆರಾಕ್ಕಿಂತ ಮೂರು ವರ್ಷದ ಗಿಡದ ಸಾರವೇ ಆಂಟಿಆಕ್ಸಿಡೆಂಟ್ ಗುಣದಲ್ಲಿ ಮುಂದಿತ್ತು. ಹಾಗಾಗಿ ಯಾವ ಜಾತಿ, ಎಲೆಯ ಯಾವ ಭಾಗ ಎಂದು ಹೇಳದೆ ಬಾಟಲಿಯ ಮೇಲೆ ಆಂಟಿಆಕ್ಸಿಡೆಂಟ್ ಎಂದು ಅಚ್ಚುಹಾಕುವುದು ಕೊಳ್ಳುವವರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಹಾಗೆಂದು ಹಳದಿ ರಸವನ್ನೇ ಕುಡಿಯಬೇಡಿ. ಅಲೋ ಸೇರಿದ ವಿರೇಚಕಗಳನ್ನು ಚೀಟಿಯಿಲ್ಲದೆ ಮಾರುವುದನ್ನು ಅಮೆರಿಕ 2002ರಲ್ಲಿ ನಿಲ್ಲಿಸಿತು. ಇಡೀ ಎಲೆಯ ಸಾರ ಕ್ಯಾನ್ಸರ್‌ಕಾರಕ ಆಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಮನೆಯ ಗಿಡದ ಎಲೆ ಕೊಯ್ದರೆ ಬುಡ ಕೆಳಗಾಗಿ ನಿಲ್ಲಿಸಿ, ಹಳದಿ ರಸ ಪೂರ್ತಿ ಇಳಿದ ಮೇಲೆ ಸಿಪ್ಪೆ ತೆಗೆದು, ಲೋಳೆಯನ್ನು ಚೆನ್ನಾಗಿ ತೊಳೆದು ಚರ್ಮಕ್ಕೆ ಹಚ್ಚಿ. ಗರ್ಭಿಣಿಯರು ಮತ್ತು ಮಕ್ಕಳಿಗೆ ವೈದ್ಯರನ್ನು ಕೇಳದೆ ಹೊಟ್ಟೆಗೆ ಕೊಡಬೇಡಿ.